ತೇಗದ ಕುತ್ತಿಯಲ್ಲಿ ಎಷ್ಟು ಮಳೆಗಾಲ? ಮರದ ಉಂಗುರ ಓದುವ ಬಗೆ

2024ರ ಜುಲೈ ತಿಂಗಳ ಗಾಳಿಮಳೆಗೆ ನಮ್ಮ ಹಿತ್ತಿಲಿನ ತೇಗದ ಮರವೊಂದು ಬೇರು ಸಡಿಲವಾಗಿ ತೋಟದ ಕಡೆಗೆ ವಾಲಿತು. ಅಡಿಕೆ ಮರಗಳ ಮೇಲೆ ಬೀಳುವ ಮೊದಲೇ ಕಡಿಸಬೇಕಾಯಿತು. ಗರಗಸದವರು ಮೊಣಕಾಲೆತ್ತರದಲ್ಲಿ ಕೊಯ್ದು, ದಿಮ್ಮಿ ಉರುಳಿಸಿಕೊಂಡು ಹೋದರು. ಮಳೆ ಸ್ವಲ್ಪ ಬಿಟ್ಟ ಹೊತ್ತಿನಲ್ಲಿ ಅಕ್ಕನ ಮಗಳು ಉಳಿದ ಕುತ್ತಿಯ ಎದುರು ಕೂತು ಉಂಗುರ ಎಣಿಸಲು ಶುರು ಮಾಡಿದಳು.

"ಮಾವ, ಇದಕ್ಕೆ ನಲ್ವತ್ತೈದೇ ವರ್ಷ. ಅಜ್ಜ 1976ರಲ್ಲಿ ನೆಟ್ಟದ್ದು ಅಂತ ಹೇಳ್ತಾ ಇದ್ರಲ್ಲ?"

ಇನ್ನೊಂದು ಬದಿಯಿಂದ ಎಣಿಸು ಅಂದೆ. ಆ ಬದಿಯಲ್ಲಿ ನಲ್ವತ್ತೇಳು ಸಿಕ್ಕಿತು. ಒಂದೇ ಮರ, ಎರಡು ಬದಿಗೆ ಎರಡು ವಯಸ್ಸು. ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ ಸಂಗತಿಗಳೇ ಈ ಲೇಖನ.

ಈಗ ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಯಾವ ಜಗಲಿಯಲ್ಲಿ ಕೂತರೂ ಮಾತು ಬಂದು ನಿಲ್ಲುವುದು ಒಂದೇ ಕಡೆ: "ಮಳೆ ಮೊದಲಿನ ಹಾಗೆ ಇಲ್ಲ." ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬೇಗ ಸಣ್ಣದಾಗುತ್ತದೆ, ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ, ಕಾಡಿನಲ್ಲಿ ಹೂ ಬಿಡುವ ಕಾಲ ತಪ್ಪಿದೆ ಅಂತ ಹಿರಿಯರು ಹೇಳುತ್ತಾರೆ. ಆದರೆ "ಮೊದಲು" ಅಂದರೆ ಎಷ್ಟು ಮೊದಲು? ನಮ್ಮ ನೆನಪು ಹೋಗುವುದು ಐವತ್ತು, ಅರವತ್ತು ವರ್ಷ. ಭಾರತದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ದೇಶಕ್ಕೆಲ್ಲ ಅನ್ವಯಿಸುವ ಮಳೆ ಲೆಕ್ಕ ಸಿಗುವುದು ಹೆಚ್ಚುಕಡಿಮೆ ಒಂದೂವರೆ ಶತಮಾನಕ್ಕೆ ಮಾತ್ರ. ಅದಕ್ಕಿಂತ ಹಿಂದಿನದನ್ನು ಕೇಳಬೇಕಾದರೆ ಹಳೆಯ ಮರಗಳ ಹತ್ತಿರ ಹೋಗಬೇಕು. ಅವು ಮಳೆಯ ಲೆಕ್ಕವನ್ನಷ್ಟೇ ಅಲ್ಲ, ಆ ಮಳೆಗೆ ತಾವು ಹೇಗೆ ಬೆಳೆದೆವು ಅನ್ನುವುದನ್ನೂ ಮೈಯಲ್ಲಿ ಇಟ್ಟುಕೊಂಡಿವೆ.

ಉಂಗುರ ಹುಟ್ಟುವುದು ಎಲ್ಲಿ?

ಮಳೆಗಾಲದಲ್ಲಿ ಹಸಿ ಕೊಂಬೆಯ ತೊಗಟೆ ಸುಲಿದವರಿಗೆ ಗೊತ್ತು, ತೊಗಟೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಒಳಗೆ ಲೋಳೆಲೋಳೆಯಾಗಿ ಕೈಗೆ ಜಾರುತ್ತದೆ. ಬೇಸಗೆಯಲ್ಲಿ ಅದೇ ತೊಗಟೆ ಮರಕ್ಕೆ ಕಚ್ಚಿಕೊಂಡಿರುತ್ತದೆ. ಆ ಜಾರುವ ತೆಳು ಪದರದಲ್ಲೇ ಮರದ ಬೆಳವಣಿಗೆ ನಡೆಯುವುದು. ಅದಕ್ಕೆ ಕ್ಯಾಂಬಿಯಂ ಎನ್ನುತ್ತಾರೆ. ಅದು ಹೊರಗಡೆಗೆ ತೊಗಟೆಯ ಕೋಶಗಳನ್ನು ಕೊಡುತ್ತದೆ, ಒಳಗಡೆಗೆ ಕಟ್ಟಿಗೆಯ ಕೋಶಗಳನ್ನು. ಹಾಗಾಗಿ ಮರದಲ್ಲಿ ಹೊಸ ಕಟ್ಟಿಗೆ ಇರುವುದು ತೊಗಟೆಯ ಕೆಳಗೆ. ಅತೀ ಹಳೆಯದು ನಟ್ಟನಡುವೆ.

ಈಗ ತೇಗವನ್ನೇ ನೋಡಿ. ಬೇಸಗೆ ಬಂದಂತೆ ಅದು ಎಲೆಯೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಆ ತಿಂಗಳುಗಳಲ್ಲಿ ಕ್ಯಾಂಬಿಯಂ ಮಲಗಿರುತ್ತದೆ. ಮುಂಗಾರಿಗೆ ಮೊದಲಿನ ಮಳೆ ಬಿದ್ದು ಮರ ಚಿಗುರಿದಾಗ ಮೊದಲು ಬೇಕಾಗುವುದು ನೀರು ಏರಿಸುವ ಕೊಳವೆ. ಆಗ ಅದು ದೊಡ್ಡ ದೊಡ್ಡ ಕೊಳವೆಗಳನ್ನು ಸಾಲಾಗಿ ಕಟ್ಟುತ್ತದೆ. ಚೆನ್ನಾಗಿ ಉಜ್ಜಿದ ತೇಗದ ಹಲಗೆಯ ತುದಿಯನ್ನು ನೋಡಿದರೆ ಸೂಜಿಯಲ್ಲಿ ಚುಚ್ಚಿದ ಹಾಗೆ ಕಾಣುವ ತೂತುಗಳೇ ಇವು. ಮಳೆಗಾಲ ಮುಂದುವರಿದಂತೆ ಕೊಳವೆ ಸಣ್ಣದಾಗುತ್ತದೆ, ಕಟ್ಟಿಗೆ ದಟ್ಟವಾಗುತ್ತದೆ. ನೀರು ಕಡಿಮೆಯಾದಾಗ ಕೆಲಸ ನಿಲ್ಲುತ್ತದೆ. ಮುಂದಿನ ವರ್ಷ ಆ ದಟ್ಟ ಕಟ್ಟಿಗೆಗೆ ಒತ್ತಿಕೊಂಡು ಮತ್ತೆ ದೊಡ್ಡ ತೂತಿನ ಸಾಲು ಬರುತ್ತದೆ. ಇವೆರಡು ಸೇರುವಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದಲ್ವಾ, ಅದು ಒಂದು ವರ್ಷ ಮುಗಿದು ಇನ್ನೊಂದು ಶುರುವಾದ ಗಡಿ.

ನಮ್ಮ ಆಚಾರಿಯವರು ತಿರುಳು, ಬಿಳಿ ಅಂತ ಮರವನ್ನು ಎರಡು ಭಾಗ ಮಾಡುತ್ತಾರೆ. ನಡುವಿನ ಕಂದು ಭಾಗ ತಿರುಳು, ಹೊರಗಿನದು ಬಿಳಿ. ಇದನ್ನು ಉಂಗುರದ ಜೊತೆ ಬೆರೆಸಬಾರದು. ನೀರು ಏರುವುದು ಬಿಳಿಯಲ್ಲಿ. ಹಳತಾದ ಉಂಗುರಗಳಲ್ಲಿ ನೀರಿನ ಓಡಾಟ ನಿಂತು, ಬಣ್ಣ ಮತ್ತು ಎಣ್ಣೆಯಂಥ ವಸ್ತುಗಳು ತುಂಬಿ ಅವು ತಿರುಳಾಗುತ್ತವೆ. ಉಂಗುರದ ಗೆರೆಗಳು ಎರಡರಲ್ಲೂ ಇರುತ್ತವೆ.

ಅಡಿಕೆ, ತೆಂಗು, ಹಲಸು ಯಾಕೆ ಆಗುವುದಿಲ್ಲ?

"ಅಡಿಕೆ ಮರದ ಮೇಲೂ ಉಂಗುರ ಇದೆಯಲ್ಲ?" ಅವಳ ಎರಡನೆಯ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಆದರೆ ಅದು ಬೇರೆ ಜಾತಿಯ ಉಂಗುರ.

ಅಡಿಕೆ, ತೆಂಗು, ಈಂದು (ಬೈನೆ) ಇವೆಲ್ಲ ಹುಲ್ಲಿನ ದೂರದ ನೆಂಟರು, ಬಿದಿರಂತೂ ಹುಲ್ಲೇ. ಇವುಗಳಿಗೆ ಕ್ಯಾಂಬಿಯಂ ಇಲ್ಲ. ಅದಕ್ಕೇ ಅಡಿಕೆ ಮರ ವರ್ಷ ಹೋದಂತೆ ಎತ್ತರ ಹೋಗುತ್ತದೆಯೇ ಹೊರತು ತೇಗದ ಹಾಗೆ ದಪ್ಪ ಆಗುತ್ತಾ ಹೋಗುವುದಿಲ್ಲ. ಸೀಳಿ ನೋಡಿದರೆ ಒಳಗೆ ನಾರು ಮಾತ್ರ. ಹೊರಗೆ ಕಾಣುವ ಉಂಗುರ ಸೋಗೆ ಬಿದ್ದ ಕಲೆ. ವರ್ಷಕ್ಕೆ ಹಲವು ಸೋಗೆ ಬೀಳುವುದರಿಂದ ಒಂದು ಕಲೆ ಒಂದು ವರ್ಷವಲ್ಲ. ಆದರೂ ತೋಟ ನೋಡಿಕೊಂಡವರು ಆ ಕಲೆಗಳನ್ನು ಓದುತ್ತಾರೆ. ನೀರು, ಗೊಬ್ಬರ ಚೆನ್ನಾಗಿ ಸಿಕ್ಕ ಕಾಲದಲ್ಲಿ ಗಂಟುಗಳ ನಡುವೆ ಅಂತರ ಜಾಸ್ತಿ. ನೀರು ತಪ್ಪಿದಾಗ ಗಂಟುಗಳು ಒತ್ತೊತ್ತಾಗಿ ಬರುತ್ತವೆ. ಮರದ ಮೈಯಲ್ಲಿ ಹೋದ ಕಾಲವನ್ನು ಓದುವ ಅಭ್ಯಾಸ ನಮ್ಮ ಊರಿಗೆ ಹೊಸತಲ್ಲ.

ಹಲಸಿನ ಕಥೆ ಬೇರೆ. ಅದಕ್ಕೆ ಕ್ಯಾಂಬಿಯಂ ಇದೆ, ದಪ್ಪವೂ ಆಗುತ್ತದೆ. ಆದರೆ ಅದು ನಿತ್ಯಹಸಿರು ಮರ. ತೇಗದ ಹಾಗೆ ಪೂರ್ತಿ ಮಲಗುವ ಕಾಲವಿಲ್ಲ. ರಜೆ ಇಲ್ಲದೆ ಕೆಲಸ ಮಾಡಿದವನ ಹಾಜರಿ ಪುಸ್ತಕದಲ್ಲಿ ಎಲ್ಲ ದಿನವೂ ಒಂದೇ ಹಾಗೆ ಕಾಣುತ್ತದಲ್ಲ, ಹಾಗೆ. ವರ್ಷದ ಗಡಿ ಮಸುಕಾಗಿರುತ್ತದೆ. ಇಲ್ಲವೇ ಇರುವುದಿಲ್ಲ. ಹಿಮ ಬೀಳುವ ದೇಶಗಳಲ್ಲಿ ಚಳಿ ಮರವನ್ನು ಮಲಗಿಸುತ್ತದೆ, ಆದ್ದರಿಂದ ಅಲ್ಲಿ ಉಂಗುರ ಸ್ಪಷ್ಟ. ನಮ್ಮಲ್ಲಿ ಮಲಗಿಸುವುದು ಬೇಸಗೆ. ಆ ಬೇಸಗೆಗೆ ಎಲೆ ಉದುರಿಸಿ ಮಲಗುವ ಮರಗಳಲ್ಲಿ ಮಾತ್ರ ಒಳ್ಳೆಯ ಉಂಗುರ ಸಿಗುತ್ತದೆ. ದಕ್ಷಿಣ ಭಾರತದಲ್ಲಿ ವಿಜ್ಞಾನಿಗಳು ತೇಗವನ್ನೇ ಜಾಸ್ತಿ ನಂಬಿಕೊಂಡಿರುವುದು ಇದೇ ಕಾರಣಕ್ಕೆ.

ಒಂದೇ ಮರಕ್ಕೆ ಎರಡು ವಯಸ್ಸು

ಈಗ ನಲ್ವತ್ತೈದು, ನಲ್ವತ್ತೇಳರ ವಿಷಯ. ಮೂರು ಕಾರಣ ಇರಬಹುದು.

ಒಂದು, ಉಂಗುರ ಕೆಲವೊಮ್ಮೆ ಸುತ್ತು ಪೂರ್ತಿ ಮಾಡುವುದಿಲ್ಲ. ಕಷ್ಟದ ವರ್ಷದಲ್ಲಿ ಮರ ಒಂದು ಬದಿಗೆ ಮಾತ್ರ ಕಟ್ಟಿಗೆ ಹಾಕಿ, ಇನ್ನೊಂದು ಬದಿಯನ್ನು ಹಾಗೇ ಬಿಡುವುದುಂಟು. ಆಗ ಎರಡು ಉಂಗುರ ಒಂದು ಕಡೆ ಸೇರಿ ಒಂದಾದ ಹಾಗೆ ಕಾಣುತ್ತದೆ. ನಮ್ಮ ಕುತ್ತಿಯಲ್ಲಿ ಗುಡ್ಡೆಯ ಬದಿಯಲ್ಲಿ ಆದದ್ದು ಇದೇ. ಭೂತಕನ್ನಡಿ ಹಿಡಿದಾಗ ಎರಡು ಜಾಗದಲ್ಲಿ ಗೆರೆಗಳು ಹತ್ತಿರ ಹತ್ತಿರ ಬಂದು ಕೂಡಿಕೊಂಡದ್ದು ಕಂಡಿತು.

ಎರಡು, ಇದರ ಉಲ್ಟಾ. ಮುಂಗಾರು ಶುರುವಾಗಿ, ನಡುವೆ ಹಲವು ವಾರ ಕೈಕೊಟ್ಟು, ಮತ್ತೆ ಸುರಿದರೆ ಮರ ಒಮ್ಮೆ ನಿಂತು ಮತ್ತೆ ಏಳುತ್ತದೆ. ಆ ವರ್ಷ ಎರಡು ಗೆರೆ ಬಿದ್ದ ಹಾಗೆ ಕಾಣಬಹುದು. ಇದು ಸುಳ್ಳು ಉಂಗುರ. ನಿಜವಾದ ಗಡಿ ಕತ್ತರಿಸಿದ ಹಾಗೆ ಚೊಕ್ಕ ಇರುತ್ತದೆ. ಸುಳ್ಳು ಗೆರೆಯ ಎರಡೂ ಅಂಚು ಮಸುಕು.

ಮೂರು, ನಾವು ಕೊಯ್ದದ್ದು ನೆಲದ ಮಟ್ಟದಲ್ಲಿ ಅಲ್ಲ, ಮೊಣಕಾಲೆತ್ತರದಲ್ಲಿ. ಸಸಿ ಅಷ್ಟು ಎತ್ತರ ಬಂದು ಗಟ್ಟಿಯಾಗಲು ಒಂದೆರಡು ಮಳೆಗಾಲ ಹಿಡಿದಿರಬಹುದು. ಆ ವರ್ಷಗಳ ಲೆಕ್ಕ ಆ ಎತ್ತರದಲ್ಲಿ ಇರುವುದಿಲ್ಲ. ಅಪ್ಪ ಹೇಳಿದ 1976 ಅಲ್ಲಿಗೆ ಸರಿ ಹೋಗುತ್ತದೆ.

ಅಂದರೆ ಸುಮ್ನೆ ಎಣಿಸಿದರೆ ತಪ್ಪಾಗುತ್ತದೆ. ಈ ತಪ್ಪನ್ನು ಸರಿ ಮಾಡುವ ಉಪಾಯವೇ ಇಡೀ ವಿದ್ಯೆಯ ಜೀವಾಳ. ಕನ್ನಡದಲ್ಲಿ ಅದನ್ನು ತಾಳೆ ನೋಡುವುದು ಎನ್ನಬಹುದು.

ತಾಳೆ ನೋಡುವುದು

ಎರಡು ಮನೆಯ ಅಜ್ಜಂದಿರು ಕೂತು ಹಳೆಯ ಕಾಲದ ಮಾತಾಡುವುದನ್ನು ಕೇಳಿದ್ದೀರಲ್ವಾ? ಒಬ್ಬರಿಗೆ ಇಸವಿ ನೆನಪಿಲ್ಲ. "ಕಟ್ಟ ಕೊಚ್ಚಿಹೋದ ವರ್ಷ, ಅದರ ಮಾರನೇ ವರ್ಷ ಕೊಳೆರೋಗ ಬಂದು ಅಡಿಕೆಯೆಲ್ಲ ಉದುರಿತು, ಆಮೇಲೆ ಎರಡು ವರ್ಷ ಒಳ್ಳೆಯ ಫಸಲು" ಅನ್ನುತ್ತಾರೆ. ಇನ್ನೊಬ್ಬರ ಮನೆಯಲ್ಲಿ ಆ ಕಾಲದ ಲೆಕ್ಕದ ಪುಸ್ತಕ ಇದೆ. ಅದರಲ್ಲೂ ಅದೇ ಕ್ರಮ: ಒಂದು ಕೆಟ್ಟ ವರ್ಷ, ಮತ್ತೊಂದು ಕೆಟ್ಟದು, ಎರಡು ಒಳ್ಳೆಯದು. ಕ್ರಮ ಹೊಂದಿದ ಕೂಡಲೇ ಇಸವಿ ಸಿಕ್ಕಿಬಿಡುತ್ತದೆ.

ಮರಗಳಲ್ಲೂ ಹಾಗೆಯೇ. ಒಂದೇ ಪ್ರದೇಶದ ಮರಗಳು ಒಂದೇ ಮಳೆ, ಒಂದೇ ಬೇಸಗೆ ನೋಡಿರುತ್ತವೆ. ಒಳ್ಳೆಯ ವರ್ಷದಲ್ಲಿ ಅಗಲ ಉಂಗುರ, ಕೆಟ್ಟ ವರ್ಷದಲ್ಲಿ ತೆಳು. ತೆಳು, ತೆಳು, ಅಗಲ, ಅಗಲ, ತೀರಾ ತೆಳು ಎನ್ನುವ ಈ ಕ್ರಮವನ್ನು ಹತ್ತಾರು ಮರಗಳಲ್ಲಿ ಅಳೆದು, ಒಂದರ ಪಕ್ಕ ಒಂದು ಇಟ್ಟು ಹೊಂದಿಸುತ್ತಾರೆ. ಯಾವುದೋ ಮರದಲ್ಲಿ ಒಂದು ಉಂಗುರ ಕಾಣೆಯಾಗಿದ್ದರೆ ಅಲ್ಲಿಂದ ಹಿಂದಿನ ಕ್ರಮವೆಲ್ಲ ಒಂದು ವರ್ಷ ಜಾರಿದ ಹಾಗೆ ಕಾಣುತ್ತದೆ. ಕಳ್ಳ ಎಲ್ಲಿದ್ದಾನೆ ಅಂತ ಕೂಡಲೇ ಗೊತ್ತಾಗುತ್ತದೆ.

ಈ ವಿಧಾನವನ್ನು ಗಟ್ಟಿ ಮಾಡಿದವರು ಅಮೆರಿಕದ ಎ. ಇ. ಡಗ್ಲಸ್. ಅವರು ಸಸ್ಯಶಾಸ್ತ್ರದವರಲ್ಲ, ಖಗೋಳದವರು. ಸೂರ್ಯನ ಕಲೆಗಳ ಏರಿಳಿತ ಭೂಮಿಯ ಮಳೆಯಲ್ಲಿ, ಆ ಮೂಲಕ ಮರಗಳಲ್ಲಿ ಕಾಣುತ್ತದೆಯೇ ಎಂದು ಹುಡುಕಲು ಹೊರಟಿದ್ದರು. ಹಳೆಯ ಕಟ್ಟಡಗಳ ತೊಲೆಗಳ ಉಂಗುರವನ್ನು ಬದುಕಿರುವ ಮರಗಳ ಜೊತೆ ತಾಳೆ ನೋಡುತ್ತಾ ಹೋದರು. ನಡುವೆ ಒಂದು ಕೊಂಡಿ ಕಳಚಿತ್ತು. 1929ರಲ್ಲಿ ಅರಿಜೋನಾದ ಶೋ ಲೋ ಎಂಬಲ್ಲಿ ಸಿಕ್ಕ ಸುಟ್ಟ ತೊಲೆಯೊಂದು ಆ ಕೊಂಡಿ ಸೇರಿಸಿತು. ಅಲ್ಲಿನ ಆದಿವಾಸಿಗಳ ಹಳೆಯ ಊರುಗಳನ್ನು ಯಾವ ಇಸವಿಯಲ್ಲಿ ಕಟ್ಟಿದ್ದು ಎಂದು ಹೇಳಲು ಅದರಿಂದ ಸಾಧ್ಯವಾಯಿತು. ಹಳೆಯ ಮನೆ ಕೆಡಹುವಾಗ ತೇಗದ ಜಂತಿಗಳನ್ನು ಕಟ್ಟಿಗೆಯ ಬೆಲೆಗೆ ಮಾರುವುದನ್ನು ನೋಡಿದರೆ ನನಗೆ ಈಗ ಹೊಟ್ಟೆ ಉರಿಯುತ್ತದೆ. ಕಡಿಯುವ ಮೊದಲಿನ ಎಷ್ಟೋ ಮಳೆಗಾಲ ಆ ಜಂತಿಯೊಳಗಿದೆ.

ನಮ್ಮ ಉಷ್ಣ ದೇಶದ ಮರದಲ್ಲಿ ಉಂಗುರ ನಿಜಕ್ಕೂ ವರ್ಷಕ್ಕೊಂದೇ ಅಂತ ಹೇಗೆ ನಂಬುವುದು? ಒಂದು ದಾರಿ, ನೆಟ್ಟ ಕಾಲ ದಾಖಲೆಯಲ್ಲಿರುವ ಮರ. ಕೇರಳದ ನಿಲಂಬೂರಿನ ಕೊನೊಲಿ ತೋಪು 1840ರ ದಶಕದಲ್ಲಿ ನೆಟ್ಟದ್ದು, ಜಗತ್ತಿನ ಅತಿ ಹಳೆಯ ತೇಗದ ನೆಡುತೋಪು ಎಂದು ಹೆಸರಾದದ್ದು. ಇಂಥ ತೋಪುಗಳಲ್ಲಿ ಲೆಕ್ಕ ಸರಿಯೋ ಎಂದು ನೋಡಬಹುದು. ಇನ್ನೊಂದು ದಾರಿ ವಿಚಿತ್ರದ್ದು. 1950, 60ರ ದಶಕಗಳಲ್ಲಿ ಬಯಲಿನಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಕಾರ್ಬನ್ ಏರುತ್ತಾ ಹೋಗಿ, 1963-64ರ ಹೊತ್ತಿಗೆ ಭೂಮಿಯ ಉತ್ತರಾರ್ಧದಲ್ಲಿ ಸುಮಾರು ದುಪ್ಪಟ್ಟಾಯಿತು. ಆಗ ಬೆಳೆಯುತ್ತಿದ್ದ ಮರಗಳೆಲ್ಲ ಅದನ್ನು ಉಸಿರಾಡಿ ಕಟ್ಟಿಗೆಯಲ್ಲಿ ಸೇರಿಸಿಕೊಂಡವು. 1964ರದ್ದು ಅಂತ ಎಣಿಸಿದ ಉಂಗುರದಲ್ಲಿ ಆ ಗುರುತು ಸಿಕ್ಕರೆ ಎಣಿಕೆ ಸರಿ.

ದೋಸೆ ಹಿಟ್ಟಿನ ಲೆಕ್ಕ

ಕುತ್ತಿ ನೋಡಿದ ಕೂಡಲೇ ಎಲ್ಲರೂ ಹೇಳುವ ಮಾತು: "ನೋಡಿ, ನಡುವಿನ ಉಂಗುರ ಅಗಲ, ಹೊರಗಿನದು ತೆಳು. ಮೊದಲು ಮಳೆ ಜಾಸ್ತಿ ಇತ್ತು, ಈಗ ಇಲ್ಲ." ನಾನೂ ಹಾಗೇ ಅಂದುಕೊಂಡಿದ್ದೆ. ಅದು ತಪ್ಪು.

ಒಂದು ಸೌಟು ದೋಸೆ ಹಿಟ್ಟನ್ನು ಸಣ್ಣ ಕಾವಲಿಯ ತುಂಬ ಹರಡಿದರೆ ದಪ್ಪ ದೋಸೆ. ಅಷ್ಟೇ ಹಿಟ್ಟನ್ನು ದೊಡ್ಡ ಕಾವಲಿಯ ತುಂಬ ಹರಡಿದರೆ ಪೇಪರಿನ ಹಾಗೆ ತೆಳು. ಮರವೂ ಪ್ರತಿ ವರ್ಷ ತನ್ನ ಸುತ್ತಲೂ ಹಿಟ್ಟು ಹರಡುತ್ತದೆ. ಮರ ದಪ್ಪವಾದಂತೆ ಸುತ್ತಳತೆ ದೊಡ್ಡದಾಗುತ್ತದೆ. ನಡುವಿನಿಂದ 5 ಸೆಂಟಿಮೀಟರ್ ದೂರದಲ್ಲಿ 5 ಮಿಲಿಮೀಟರ್ ಅಗಲದ ಉಂಗುರ ಹಾಕಿದ ಮರ, ಅಷ್ಟೇ ಕಟ್ಟಿಗೆಯನ್ನು 20 ಸೆಂಟಿಮೀಟರ್ ದೂರದಲ್ಲಿ ಹಾಕಿದರೆ ಉಂಗುರದ ಅಗಲ ಸುಮಾರು 1.3 ಮಿಲಿಮೀಟರ್ ಮಾತ್ರ. ಮರ ಒಂದಿಷ್ಟೂ ಸೋತಿಲ್ಲ. ನಮ್ಮ ಕಣ್ಣಿಗೆ ಸೋತ ಹಾಗೆ ಕಾಣುತ್ತದೆ.

ಆದ್ದರಿಂದ ಮೊದಲು ವಯಸ್ಸಿನಿಂದ ಬರುವ ಈ ಇಳಿಕೆಯನ್ನು ಲೆಕ್ಕದಿಂದ ತೆಗೆಯುತ್ತಾರೆ. ಆಮೇಲೆ ಹಲವು ಮರಗಳ ಸರಾಸರಿ ಹಿಡಿಯುತ್ತಾರೆ. ಹಾಗೆ ಮಾಡಿದಾಗ ಒಂದೊಂದು ಮರದ ಸ್ವಂತ ಕಥೆ, ಅಂದರೆ ಹುಳ ಹೊಡೆದದ್ದು, ಕೊಂಬೆ ಮುರಿದದ್ದು, ಹಿಂದೆ ಸರಿಯುತ್ತದೆ. ಎಲ್ಲ ಮರಗಳಿಗೂ ಒಟ್ಟಿಗೆ ತಟ್ಟಿದ್ದು ಮಾತ್ರ ಉಳಿಯುತ್ತದೆ. ಒಂಟಿ ಮರ ಹೇಳುವುದನ್ನು ಹೇಳಿಕೆ ಅನ್ನಬಹುದು. ಐವತ್ತು ಮರ ಅದನ್ನೇ ಹೇಳಿದರೆ ಸಾಕ್ಷಿ.

ಕೇರಳದ ತೇಗ ಹೇಳಿದ 523 ವರ್ಷಗಳ ಕಥೆ

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿ ಎಚ್. ಪಿ. ಬೋರ್‌ಗಾಂವ್ಕರ್ ಮತ್ತು ಜೊತೆಗಾರರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೇರಳದ ತೇಗದ ಉಂಗುರಗಳನ್ನು ತಾಳೆ ನೋಡಿ 1481ರಿಂದ 2003ರವರೆಗೆ, ಒಟ್ಟು 523 ವರ್ಷಗಳ ಸರಣಿ ಕಟ್ಟಿದ್ದರು. 1481 ಅಂದರೆ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಕರಾವಳಿಗೆ ಬರಲು ಇನ್ನೂ 17 ವರ್ಷ ಇತ್ತು. ಬೇಕಲ ಕೋಟೆ ಕಟ್ಟಿಸಿದ ಕೆಳದಿ ನಾಯಕರ ಆಳ್ವಿಕೆಯೇ ಶುರುವಾಗಿರಲಿಲ್ಲ.

ಆ ಸರಣಿಯಲ್ಲಿ ತೀರಾ ತೆಳು ಉಂಗುರ ಬಂದ ಎಷ್ಟೋ ವರ್ಷಗಳು ಮುಂಗಾರು ಸೋತ ವರ್ಷಗಳು. ಅವುಗಳಲ್ಲಿ ಹಲವು ಎಲ್ ನಿನೋ ವರ್ಷಗಳೂ ಹೌದು. ಎಲ್ ನಿನೋ ಅಂದರೆ ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗದ ಮೇಲ್ನೀರು ಮಾಮೂಲಿಗಿಂತ ಬಿಸಿಯಾಗುವುದು. ಅಲ್ಲಿ ನೀರು ಬಿಸಿಯಾದರೆ ಗಾಳಿ ಮೇಲೇರುವ ಜಾಗ ಬದಲಾಗುತ್ತದೆ, ನಮ್ಮ ಕಡೆ ಮುಂಗಾರು ಸೊರಗುವ ಸಾಧ್ಯತೆ ಹೆಚ್ಚುತ್ತದೆ. ಸಾಧ್ಯತೆ ಅಷ್ಟೇ. 1997ರಲ್ಲಿ ಭಾರೀ ಎಲ್ ನಿನೋ ಇದ್ದರೂ ದೇಶದ ಮುಂಗಾರು ಹೆಚ್ಚುಕಡಿಮೆ ಮಾಮೂಲಿನಂತೆ ಬಂತು. ಎಷ್ಟೋ ಸಾವಿರ ಕಿಲೋಮೀಟರ್ ಆಚೆಯ ಸಮುದ್ರದ ಬಿಸಿ ಕೇರಳದ ಕಾಡಿನ ತೇಗದಲ್ಲಿ ಕೂದಲೆಳೆ ಅಗಲದ ವ್ಯತ್ಯಾಸವಾಗಿ ದಾಖಲಾಗಿದೆ ಅನ್ನುವುದನ್ನು ನಾನು ಎರಡು ಸಲ ಓದಿದೆ.

ಅದೇ 2010ರಲ್ಲಿ ಅಮೆರಿಕದ ಉಂಗುರ ತಜ್ಞ ಎಡ್ವರ್ಡ್ ಕುಕ್ ಮತ್ತು ಸಂಗಡಿಗರು ಏಷ್ಯಾದ ಉದ್ದಗಲದಿಂದ 300ಕ್ಕೂ ಹೆಚ್ಚು ಉಂಗುರ ಸರಣಿಗಳನ್ನು ಸೇರಿಸಿ, 1300ರಿಂದ ಈಚೆಗೆ ಮುಂಗಾರು ಪ್ರದೇಶದಲ್ಲಿ ಎಲ್ಲೆಲ್ಲಿ ಬರ ಬಿತ್ತು ಎನ್ನುವ ನಕ್ಷೆ ಮಾಡಿದರು. 1876-78ರ ಬರ ಅದರಲ್ಲಿ ಎದ್ದು ಕಾಣುತ್ತದೆ. ಮೈಸೂರು ಸೀಮೆಯವರು ಧಾತು ವರ್ಷದ ಬರ ಅಂತ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದದ್ದು ಇದನ್ನೇ. ಜನರ ಬಾಯಲ್ಲಿ ಉಳಿದದ್ದು ಮತ್ತು ಮರದಲ್ಲಿ ಉಳಿದದ್ದು ಇಲ್ಲಿ ಒಂದೇ.

ಕಾಡು ಏನು ಹೇಳುತ್ತಿದೆ?

ಇಷ್ಟು ಹೊತ್ತು ಮಳೆಯ ಮಾತಾಯಿತು. ಆದರೆ ಉಂಗುರ ಮಳೆಮಾಪಕ ಅಲ್ಲ. ಅದು ಮರದ ಉತ್ತರ. ಗಾಳಿ, ನೀರು, ಬಿಸಿ, ಬೆಳಕು ಇವೆಲ್ಲಕ್ಕೆ ಸೇರಿಸಿ ಮರ ಕೊಟ್ಟ ಉತ್ತರ. ಅದಕ್ಕೇ ಬದಲಾಗುವ ಪರಿಸರಕ್ಕೆ ಕಾಡು ಹೇಗೆ ಸ್ಪಂದಿಸುತ್ತಿದೆ ಎಂದು ತಿಳಿಯಲು ಇದು ಬೇಕು.

ನಮಗೆ ತೀರಾ ಹತ್ತಿರದ್ದು ಬೇಸಗೆಯ ವಿಷಯ. ಮರ ಬೆಳೆಯುವುದು ಮಳೆಗಾಲದಲ್ಲಿ, ಹಾಗಾಗಿ ಮಳೆಗಾಲ ಹೇಗಿತ್ತು ಅನ್ನುವುದೇ ಮುಖ್ಯ ಅಂತ ನಾವು ಅಂದುಕೊಳ್ಳುತ್ತೇವೆ. 2022ರಲ್ಲಿ ಉಷ್ಣವಲಯದ ದೇಶಗಳ ಸುಮಾರು 350 ಉಂಗುರ ಸರಣಿಗಳನ್ನು ಒಟ್ಟಿಗೆ ನೋಡಿದ ಅಧ್ಯಯನ ಬೇರೆಯೇ ಹೇಳಿತು. ಮರದ ಬೆಳವಣಿಗೆಯ ಏರಿಳಿತವನ್ನು ಹೆಚ್ಚು ತೀರ್ಮಾನಿಸುವುದು ಒಣಗಾಲ. ಆ ತಿಂಗಳುಗಳು ಎಷ್ಟು ಒಣಗಿದ್ದವು, ಎಷ್ಟು ಸುಟ್ಟವು ಅನ್ನುವುದು. ಯೋಚಿಸಿದರೆ ಸರಿಯೇ. ಕಾಸರಗೋಡಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುತ್ತದೆ. ಸುರಿಮಳೆಯ ಆಟಿ ತಿಂಗಳಲ್ಲಿ ಮರಕ್ಕೆ ನೀರಿನ ಕೊರತೆ ಎಲ್ಲಿಯದು? ಇನ್ನೂರು ಮಿಲಿಮೀಟರ್ ಜಾಸ್ತಿ ಬಿದ್ದರೂ ಅದು ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ಆದರೆ ನಮ್ಮ ಮುರಕಲ್ಲಿನ ಗುಡ್ಡೆ ನೀರು ಹಿಡಿದಿಟ್ಟುಕೊಳ್ಳುವುದು ಕಡಿಮೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದೆರಡು ಅಡ್ಡಮಳೆ ಬಂದರೆ ಮರ ಬೇಗ ಚಿಗುರಿ, ಬೇಗ ಕೆಲಸ ಶುರು ಮಾಡುತ್ತದೆ. ಅವು ತಪ್ಪಿದರೆ ಶುರುವೇ ತಡ. ವರ್ಷದ ಒಟ್ಟು ಮಳೆ ಮಾಮೂಲಾಗಿದ್ದರೂ ಕಾಡು ಬಳಲಬಹುದು ಎನ್ನುವುದು ಇದರಿಂದ ಅರ್ಥವಾಗುತ್ತದೆ.

ಇನ್ನೊಂದು ಪ್ರಶ್ನೆ ಕಾರ್ಬನ್ ಡೈಆಕ್ಸೈಡಿನದು. ಕೈಗಾರಿಕೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 280 ಭಾಗ ಇತ್ತು. ಈಗ 420 ದಾಟಿದೆ. ಅದು ಗಿಡಗಳ ಆಹಾರ ತಾನೇ, ಜಾಸ್ತಿಯಾದರೆ ಮರ ಸೊಂಪಾಗಿ ಬೆಳೆಯುತ್ತದಲ್ಲ ಎಂದು ಕೇಳುವವರಿದ್ದಾರೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೊಲಿವಿಯಾ, ಕ್ಯಾಮರೂನ್, ಥಾಯ್ಲೆಂಡ್ ಕಾಡುಗಳ ಸುಮಾರು 1,100 ಮರಗಳ 150 ವರ್ಷಗಳ ಉಂಗುರ ನೋಡಿತು. ಮರಗಳು ನೀರನ್ನು ಮೊದಲಿಗಿಂತ ಮಿತವಾಗಿ ಬಳಸಲು ಕಲಿತಿವೆ, ಅದು ನಿಜ. ಆದರೆ ಬೆಳವಣಿಗೆ ಹೆಚ್ಚಿರಲಿಲ್ಲ. ಊಟ ಜಾಸ್ತಿ ಬಡಿಸಿದ ಮಾತ್ರಕ್ಕೆ ಮೈ ತುಂಬುವುದಿಲ್ಲ. ನೀರು, ಮಣ್ಣಿನ ಸಾರ, ಬಿಸಿಲು, ತಡೆಯುವ ಮಟ್ಟದ ಸೆಕೆ, ಎಲ್ಲ ಕೂಡಿ ಬರಬೇಕು.

ಕಾಡಿನೊಳಗಿನ ಘಟನೆಗಳೂ ಉಂಗುರದಲ್ಲಿ ಸಿಗುತ್ತವೆ. ದೊಡ್ಡ ಮರದ ನೆರಳಿನಲ್ಲಿ ವರ್ಷಗಟ್ಟಲೆ ಕಾದು ಕೂತ ಗಿಡದಲ್ಲಿ ಉಂಗುರಗಳು ದಾರದ ಹಾಗೆ ತೆಳು. ದೊಡ್ಡ ಮರ ಬಿದ್ದು ಬೆಳಕು ಬಂದ ವರ್ಷದಿಂದ ಒಮ್ಮೆಲೇ ಅಗಲ. ಬೆಂಕಿ ತಾಗಿದರೆ ಕ್ಯಾಂಬಿಯಂ ಸತ್ತ ಕಡೆ ಗಾಯ ಉಳಿಯುತ್ತದೆ. ಅದರ ಮೇಲೆ ಮಡಚಿಕೊಂಡು ಬಂದ ಉಂಗುರ ಎಣಿಸಿದರೆ ಬೆಂಕಿ ಬಿದ್ದ ವರ್ಷ ಸಿಗುತ್ತದೆ. ಗುಡ್ಡ ಸ್ವಲ್ಪ ಜಾರಿ ಮರ ವಾಲಿದರೆ, ಅದು ನೇರವಾಗಲು ಒಂದು ಬದಿಗೆ ಜಾಸ್ತಿ ಕಟ್ಟಿಗೆ ಹಾಕುತ್ತದೆ. ಅಲ್ಲಿಯವರೆಗೆ ಸುತ್ತಲೂ ಸಮನಾಗಿದ್ದ ಉಂಗುರ ಆ ವರ್ಷದಿಂದ ಒಂದೇ ಬದಿಗೆ ದಪ್ಪ. ಹಳೆಯ ಗುಡ್ಡಜಾರುಗಳ ಕಾಲ ಕಂಡುಹಿಡಿಯಲು ಬೇರೆ ದೇಶಗಳಲ್ಲಿ ಇದನ್ನು ಬಳಸುತ್ತಾರೆ. 2024ರ ಜುಲೈ 30ರ ವಯನಾಡಿನ ದುರಂತದ ನಂತರ, ಯಾವ ಇಳಿಜಾರು ಹಿಂದೆಯೂ ಜಾರಿತ್ತು ಎಂದು ತಿಳಿಯುವ ಪ್ರತಿಯೊಂದು ದಾರಿಯೂ ಘಟ್ಟದ ಬುಡದ ನಮಗೆಲ್ಲ ಮುಖ್ಯ ಎಂದೇ ನನಗೆ ಅನಿಸುತ್ತದೆ.

ಅಗಲ ಹೇಳದ್ದನ್ನು ತೂಕ ಹೇಳುತ್ತದೆ

ಉಂಗುರದ ಅಗಲ ಸಾಲದಿದ್ದಾಗ ಅದರೊಳಗಿನ ಪರಮಾಣುಗಳ ತೂಕ ನೋಡುತ್ತಾರೆ. ಗಾಳಿಯ ಕಾರ್ಬನ್ನಿನಲ್ಲಿ ಹಗುರದ್ದು ಜಾಸ್ತಿ, ಸ್ವಲ್ಪ ಭಾರದ್ದೂ ಇರುತ್ತದೆ. ಎಲೆಗೆ ಇಷ್ಟ ಹಗುರದ್ದು. ಸಂತೆಯಲ್ಲಿ ಬೆಂಡೆಕಾಯಿ ರಾಶಿ ಇದ್ದರೆ ನಾವು ತುದಿ ಮುರಿದು ನೋಡಿ ಎಳೆಯದನ್ನೇ ಆರಿಸುತ್ತೇವೆ. ನಾಲ್ಕೇ ಉಳಿದಿದ್ದರೆ ಬಲಿತದ್ದೂ ಚೀಲಕ್ಕೆ ಬೀಳುತ್ತದೆ. ನೀರು ಚೆನ್ನಾಗಿದ್ದಾಗ ಎಲೆಯ ಅಡಿಯ ಸಣ್ಣ ಬಾಯಿಗಳು ತೆರೆದಿರುತ್ತವೆ, ಗಾಳಿ ಬೇಕಾದಷ್ಟು, ಆರಿಸಲು ಅವಕಾಶ. ಬರಗಾಲದಲ್ಲಿ ನೀರು ಉಳಿಸಲು ಬಾಯಿ ಮುಚ್ಚಿದಾಗ ಒಳಗಿದ್ದದ್ದನ್ನೇ ಬಳಸಬೇಕು, ಭಾರದ್ದೂ ಸೇರಿಬಿಡುತ್ತದೆ. ಹಾಗಾಗಿ ಕಟ್ಟಿಗೆಯಲ್ಲಿ ಭಾರದ ಕಾರ್ಬನ್ ಜಾಸ್ತಿ ಇದ್ದರೆ ಆ ವರ್ಷ ಮರ ಬಾಯಾರಿತ್ತು ಎಂದು ತಿಳಿಯುತ್ತದೆ.

ಆಮ್ಲಜನಕದಲ್ಲೂ ಹೀಗೆ ಹಗುರ, ಭಾರ ಇದೆ. ಮೋಡದಿಂದ ಭಾರದ್ದು ಮೊದಲು ಇಳಿಯುತ್ತದೆ. ಜೋರಾಗಿ, ಬಹಳ ಹೊತ್ತು ಸುರಿದ ಮಳೆಯಲ್ಲಿ ಅದು ಕಡಿಮೆ. ಆ ನೀರು ಕುಡಿದ ಮರದಲ್ಲೂ ಕಡಿಮೆ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದವರು ದಕ್ಷಿಣ ಭಾರತದ ತೇಗದಲ್ಲಿ ಒಂದೇ ಉಂಗುರವನ್ನು ತೆಳು ತೆಳು ಹೋಳು ಮಾಡಿ ಇದನ್ನು ಅಳೆದಿದ್ದಾರೆ. ಆಗ ವರ್ಷ ಮಾತ್ರವಲ್ಲ, ಆ ವರ್ಷದೊಳಗಿನ ಕಾಲಗಳೂ ಕಾಣತೊಡಗುತ್ತವೆ.

ಉಂಗುರವೇ ಇಲ್ಲದ ಕಾಡಿಗೆ ಏನು ಮಾಡುವುದು?

ಕಾಸರಗೋಡಿನ ರಾಣಿಪುರದ ಬೆಟ್ಟದ ಕಣಿವೆಗಳಲ್ಲಿ ಅಥವಾ ನಮ್ಮ ನಾಗಬನಗಳಲ್ಲಿ ಇರುವ ನಿತ್ಯಹಸಿರು ಮರಗಳು ಹಳೆಯ ಕಥೆಯನ್ನು ಇಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅಲ್ಲಿ ಮುಂದಿನ ಕಥೆಯನ್ನಾದರೂ ಬರೆದಿಡಬೇಕು. ಮರಕ್ಕೆ ಸ್ಪ್ರಿಂಗ್ ಇರುವ ಉಕ್ಕಿನ ಪಟ್ಟಿ ಕಟ್ಟಿ, ದಪ್ಪವಾದಂತೆ ಪಟ್ಟಿ ಎಷ್ಟು ಸರಿಯಿತು ಎಂದು ಅಳೆಯುತ್ತಾರೆ. ಇನ್ನೊಂದು ದಾರಿ, ಕಾಡಿನ ಒಂದು ಭಾಗದ ಪ್ರತಿ ಮರಕ್ಕೂ ನಂಬರು ಕೊಟ್ಟು ವರ್ಷಗಟ್ಟಲೆ ನೋಡುತ್ತಾ ಇರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತಮಿಳುನಾಡಿನ ಮುದುಮಲೈಯಲ್ಲಿ 1988ರಿಂದ 50 ಹೆಕ್ಟೇರ್ ಕಾಡನ್ನು ಹೀಗೆ ನೋಡಿಕೊಂಡು ಬಂದಿದ್ದಾರೆ.

ಕುತ್ತಿ ಸಿಕ್ಕರೆ

ಇದಕ್ಕಾಗಿ ಯಾರೂ ಮರ ಕಡಿಯಬೇಕಾಗಿಲ್ಲ. ವಿಜ್ಞಾನಿಗಳ ಹತ್ತಿರ ಟೊಳ್ಳು ಬೈರಿಗೆಯಂಥ ಉಪಕರಣ ಇದೆ. ಅದರಿಂದ ಬದುಕಿರುವ ಮರದ ಒಳಗಿನಿಂದ ಪೆನ್ಸಿಲ್ಲಿಗಿಂತಲೂ ಸಪೂರದ, ಸುಮಾರು 5 ಮಿಲಿಮೀಟರ್ ದಪ್ಪದ ಕಡ್ಡಿ ತೆಗೆಯುತ್ತಾರೆ. ಮರ ಸಾಯುವುದಿಲ್ಲ. ನಮಗೆ ಬಿದ್ದ ಮರ, ಮಿಲ್ಲಿನ ದಿಮ್ಮಿ, ಕೆಡಹಿದ ಮನೆಯ ಜಂತಿ ಸಾಕು. ತೇಗವೇ ಆದರೆ ಒಳ್ಳೆಯದು.

ತೆಳು ಬಿಲ್ಲೆ ಕೊಯ್ಯಿಸಿ ನೆರಳಿನಲ್ಲಿ ಒಣಗಿಸಿ. ಮೊದಲು ಒರಟು ಉಪ್ಪುಕಾಗದ, ಆಮೇಲೆ ನುಣುಪಿನದು ಹಿಡಿದು ಉಜ್ಜಿ. ತೂತುಗಳ ಸಾಲು ಸ್ಪಷ್ಟವಾಗುವವರೆಗೆ ಬಿಡಬೇಡಿ. ಎಣಿಕೆಯನ್ನು ತೊಗಟೆಯ ಕಡೆಯಿಂದ ಶುರು ಮಾಡಿ, ಯಾಕೆಂದರೆ ಮರ ಬಿದ್ದ ವರ್ಷ ಮಾತ್ರ ನಮಗೆ ಖಂಡಿತ ಗೊತ್ತಿರುವುದು. ಹತ್ತು ವರ್ಷಕ್ಕೊಂದು ಪೆನ್ಸಿಲ್ ಚುಕ್ಕೆ, ಐವತ್ತಕ್ಕೆ ಎರಡು, ನೂರಕ್ಕೆ ಮೂರು. ಉಂಗುರ ತಜ್ಞರ ಪದ್ಧತಿಯೂ ಇದೇ. ಕನಿಷ್ಠ ಎರಡು ಬದಿಯಲ್ಲಿ ಎಣಿಸಿ.

ಅಕ್ಕನ ಮಗಳ ಬಿಲ್ಲೆ ಈಗ ನಮ್ಮ ಜಗಲಿಯಲ್ಲಿದೆ. ಅದರಲ್ಲಿ ತೊಗಟೆಯಿಂದ ಒಂಬತ್ತನೆಯ ಉಂಗುರ, ಅಂದರೆ 2016ರದ್ದು, ತೀರಾ ತೆಳು. ಆ ವರ್ಷ ಕೇರಳದಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟು ಬರ ಘೋಷಣೆಯಾಗಿತ್ತು. ಅವಳು ಪೆನ್ಸಿಲ್ಲಿನಲ್ಲಿ "ಬರ" ಅಂತ ಬರೆದೇಬಿಟ್ಟಿದ್ದಳು. ಆಮೇಲೆ ಅಮ್ಮನಿಗೆ ನೆನಪಾಯಿತು: ಕರೆಂಟಿನ ಲೈನಿಗೆ ತಾಗುತ್ತದೆ ಅಂತ ಆ ಮರದ ಒಂದು ಬದಿಯ ಕೊಂಬೆಯೆಲ್ಲ ಕಡಿಸಿದ್ದು ಸಹ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಎಲೆ ಇಲ್ಲದಿದ್ದರೂ ಉಂಗುರ ತೆಳುವಾಗುತ್ತದೆ. ಅವಳು "ಬರ"ದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.

ಅಪ್ಪ ಅದೇ ವರ್ಷ ನೆಟ್ಟ ಇನ್ನೊಂದು ತೇಗ ಬಾವಿಯ ಆಚೆ ಬದಿಯಲ್ಲಿದೆ. ಅದರ ಕೊಂಬೆಗೆ ಯಾರೂ ಕೈ ಹಚ್ಚಿಲ್ಲ. 2016ರ ಉಂಗುರ ಅದರಲ್ಲೂ ತೆಳುವಾಗಿದ್ದರೆ ಬರ, ಇಲ್ಲದಿದ್ದರೆ ಕತ್ತಿ. ಉತ್ತರ ಅದರೊಳಗಿದೆ. ಅದನ್ನು ಕಡಿಯುವ ಯೋಚನೆ ನಮಗಿಲ್ಲ.